ನಲ್ಲಿ ಬಂದ್ ಇದ್ದರೂ ಪಂಪ್ ಓಡುತ್ತದೆ, ಯಾಕೆ?

ಪ್ರಶ್ನೆ: ವಿಜಯಪುರದವನು. ಹಳೇ ಟೆಂಪೊ ಟ್ರಾವೆಲರ್‌ನಲ್ಲಿ ಅಡುಗೆ, ಹಾಸಿಗೆ ಎಲ್ಲ ಮಾಡಿಕೊಂಡು ತಿರುಗುತ್ತೇವೆ. ಅದರ 12 ವೋಲ್ಟ್ ನೀರಿನ ಪಂಪ್, ನಲ್ಲಿ ಎಲ್ಲ ಬಂದ್ ಇದ್ದರೂ ರಾತ್ರಿ ಹತ್ತು ನಿಮಿಷಕ್ಕೊಮ್ಮೆ ಗುರ್ ಅಂತ ಓಡಿ ನಿಲ್ಲುತ್ತದೆ. ನಿದ್ದೆ ಇಲ್ಲ. ಪಂಪೇ ಬದಲಿಸಬೇಕಾ?

ಉತ್ತರ 1: ಬೇಡ ರೀ, ಸುಮ್ನೆ ದುಡ್ಡು ದಂಡ. ಪೈಪಿನ ಒತ್ತಡ ಇಳಿದರೆ ಪ್ರೆಶರ್ ಸ್ವಿಚ್ ತಾನೇ ಆನ್ ಆಗುತ್ತದೆ. ಎಲ್ಲೋ ಸೋರುತ್ತಿದೆ. ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಸುತ್ತಿ, ಬೆಳಗ್ಗೆ ನೋಡಿ.

ಉತ್ತರ 2: ಎಲ್ಲೂ ಹಸಿ ಇಲ್ಲದಿದ್ದರೆ ಪಂಪಿನ ಒಳಗಿನ ವಾಲ್ವ್ ನೋಡಿ, ನೀರು ಟ್ಯಾಂಕಿಗೆ ವಾಪಸ್ ಹೋಗುತ್ತಿರಬಹುದು. ನಮ್ಮ ಬೋರ್ ನೀರು ಗಡಸು ಅಲ್ವಾ, ನನ್ನದರಲ್ಲಿ ರಬ್ಬರ್ ಮೇಲೆ ಬಿಳಿ ಪೊರೆ ಕಟ್ಟಿತ್ತು, ವಿನೆಗರ್‌ನಲ್ಲಿ ನೆನೆಸಿ ತಿಕ್ಕಿದೆ. ಅಲ್ಲಿವರೆಗೂ ಮಲಗುವಾಗ ಸ್ವಿಚ್ ಆಫ್ ಮಾಡಿ ಮಾರಾಯರೇ!

ಕೇಳಿದವನು: ಸಿಂಕ್ ಕೆಳಗಿನ ಟಿಶ್ಯೂ ತೊಯ್ದಿತ್ತು. ಕ್ಲಿಪ್ ಅರ್ಧ ಸುತ್ತು ಬಿಗಿ ಮಾಡಿದೆ, ಅಷ್ಟೇ.