ಕಡಲ ದಂಡೆಯ ಸಣ್ಣ ಊರುಗಳಲ್ಲಿ ನಿಧಾನದ ಕಾರು ಪ್ರವಾಸ: ಹೋಗಿ ಬಂದವರು ಹೇಳಿ

ಪ್ರಶ್ನೆ: ಅಪ್ಪ, ಅಮ್ಮ ಮತ್ತು ಮಗಳನ್ನು ಕರೆದುಕೊಂಡು ಕಡಲ ದಂಡೆಯ ರಸ್ತೆಯಲ್ಲಿ ಒಂದು ವಾರ ಸುತ್ತಬೇಕು ಅಂತಿದ್ದೇವೆ. ದೊಡ್ಡ ಊರುಗಳು ಬೇಡ. ಸಣ್ಣ ಊರುಗಳು, ಸಮುದ್ರದ ಪಕ್ಕದ ಪಾರ್ಕುಗಳು ಸಾಕು. ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ದಿನಕ್ಕೆ ಎಷ್ಟು ದೂರ ಇಟ್ಟುಕೊಂಡರೆ ಸರಿ? ಮೊದಲೇ ಏನೇನು ತಿಳಿದಿರಬೇಕು?

ಉತ್ತರ: ದೂರದ ಲೆಕ್ಕ ಆಮೇಲೆ. ಮೊದಲು ನೀವು ಹೋಗುವ ಕಡೆಯ ಉಬ್ಬರ-ಇಳಿತದ ಪಟ್ಟಿ ತೆಗೆದು ನೋಡಿ. ಹೆಚ್ಚಿನ ಕಡಲ ದಂಡೆಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನೀರು ಪೂರ್ತಿ ಇಳಿದ ಮೇಲೆ ಪೂರ್ತಿ ಏರಲು 6 ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ 8ಕ್ಕೆ ಇಳಿತ ಇದ್ದರೆ ನಾಳೆ 9ರ ಹತ್ತಿರ. ಹಾಗಾಗಿ ಬೆಳಿಗ್ಗೆ ದಂಡೆಯೋ, ಡ್ರೈವಿಂಗೋ ಅನ್ನುವುದನ್ನು ಆ ಪಟ್ಟಿಯೇ ಹೇಳಿಬಿಡುತ್ತದೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬಾ ಏರುತ್ತದೆ, ಅಷ್ಟೇ ಕೆಳಗೂ ಇಳಿಯುತ್ತದೆ. ಬೇರೆ ದಿನ ಕಾಣದ ಬಂಡೆಗಳು ಆಗ ಹೊರಗೆ ಬರುತ್ತವೆ. ಬಂಡೆಗಳ ನಡುವೆ ನಿಂತ ನೀರನ್ನು ಮಗಳಿಗೆ ತೋರಿಸಲೇಬೇಕು. ಮೊದಲು ನೋಡಿದಾಗ ಅಲ್ಲಿ ಏನೂ ಇಲ್ಲ ಅನಿಸುತ್ತದೆ. ನಿಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ಪಕ್ಕದಲ್ಲಿ ಸುಮ್ನೆ ಕೂತಿರಿ. ಸ್ವಲ್ಪ ಹೊತ್ತಿಗೆ ಸತ್ತು ಬಿದ್ದಂತಿದ್ದ ಶಂಖವೊಂದು ಮೆಲ್ಲಗೆ ನಡೆಯಲು ಶುರು ಮಾಡುತ್ತದೆ. ಒಳಗಿರುವುದು ಪುಟ್ಟ ಏಡಿ. ಖಾಲಿ ಶಂಖ ಹುಡುಕಿ ಅದನ್ನೇ ಮನೆ ಮಾಡಿಕೊಂಡಿರುತ್ತದೆ. ಬೆಳೆದಂತೆ ದೊಡ್ಡ ಶಂಖಕ್ಕೆ ಮನೆ ಬದಲಾಯಿಸುತ್ತದೆ. ಅದಕ್ಕೇ ದಂಡೆಯ ಖಾಲಿ ಶಂಖಗಳನ್ನು ಚೀಲಕ್ಕೆ ತುಂಬಿಕೊಳ್ಳಬೇಡಿ.

ಇಳಿತಕ್ಕೆ ಒಂದು ಗಂಟೆ ಮೊದಲೇ ಅಲ್ಲಿಗೆ ಹೋಗಿ. ನೀರು ತಿರುಗಿ ಏರಲು ಶುರುವಾದಾಗ ವಾಪಸ್ ಹೊರಡಿ. ಬಂಡೆಯ ಮೂಲೆ ದಾಟಿ ಆಚೆಯ ದಂಡೆಗೆ ಹೋಗಿದ್ದರೆ ಇದನ್ನು ಮರೆಯಲೇಬಾರದು, ಬಂದ ದಾರಿಯೇ ಮುಳುಗಿರುತ್ತದೆ.

ಇನ್ನೊಬ್ಬರು: ಮೇಲಿನ ಮಾತು ಸರಿ, ಒಂದು ಸೇರಿಸುತ್ತೇನೆ. ಎಲ್ಲ ಸಮುದ್ರವೂ ಒಂದೇ ಥರ ಅಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರ್‌ವರೆಗೂ ಏರಿಳಿಯುತ್ತದೆ. ಮೆಡಿಟರೇನಿಯನ್ ದಂಡೆಯ ಹೆಚ್ಚಿನ ಕಡೆ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಕಷ್ಟ. ಆ ಊರಿನ ಪಟ್ಟಿಯನ್ನೇ ನೋಡಿ.

ದೂರದ ಬಗ್ಗೆ: ದಿನಕ್ಕೆ 100 ಕಿಲೋಮೀಟರ್ ಸಾಕು, 150 ದಾಟಬೇಡಿ. ದಂಡೆಯ ರಸ್ತೆ ತಿರುವು ಜಾಸ್ತಿ. ನದಿ ಸಮುದ್ರ ಸೇರುವಲ್ಲಿ ಸೇತುವೆಗಾಗಿ ಒಳನಾಡಿಗೆ ಸುತ್ತಬೇಕಾಗಬಹುದು. ಇನ್ನೊಂದು ವಿಷಯ, ಹೋಗುವ ದಿಕ್ಕು. ಎಡಗಡೆ ಗಾಡಿ ಓಡಿಸುವ ದೇಶದಲ್ಲಿ ಸಮುದ್ರ ಎಡಕ್ಕೆ ಇರುವ ಹಾಗೆ ಹೊರಡಿ, ಬಲಗಡೆ ಓಡಿಸುವ ದೇಶದಲ್ಲಿ ಬಲಕ್ಕೆ. ಚೆಂದದ ಜಾಗ ಕಂಡ ತಕ್ಷಣ ಎದುರಿನ ಗಾಡಿಗಳನ್ನು ದಾಟದೆ ಪಕ್ಕಕ್ಕೆ ನಿಲ್ಲಿಸಬಹುದು. ನಿಲ್ಲಿಸಿ ನಿಲ್ಲಿಸಿ ಹೋಗುವವರಿಗೆ ಇದು ದೊಡ್ಡ ಅನುಕೂಲ.

ಮತ್ತೊಬ್ಬರು: ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ಅವರಿಗೂ ಮಂಡಿ ನೋವು. ಒಣ ಮರಳಲ್ಲಿ ಕಾಲು ಹೂತುಹೋಗಿ ನೋವು ಹೆಚ್ಚಾಗುತ್ತದೆ. ಇಳಿತದ ಹೊತ್ತಿನಲ್ಲಿ ನೀರು ಬಿಟ್ಟುಹೋದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿ ಆರಾಮಾಗಿ ನಡೆದರು. ಆದರೆ ಅಲ್ಲಿಯವರೆಗಿನ ಒಣ ಮರಳು ದಾಟಬೇಕಲ್ಲ. ಅದಕ್ಕೆ ಹಲಗೆ ಹಾಕಿದ ದಾರಿ ಇರುವ ಪಾರ್ಕುಗಳನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಮಡಚುವ ಕುರ್ಚಿ ಡಿಕ್ಕಿಯಲ್ಲಿರಲಿ.

ಹೊರಗೆ ಕೂರುವುದಾದರೆ ಬೆಳಿಗ್ಗೆ ಒಳ್ಳೆಯದು. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಮಧ್ಯಾಹ್ನದ ಮೇಲೆ ಸಮುದ್ರದಿಂದ ಗಾಳಿ ಜೋರಾಗಿ ಬೀಸುತ್ತದೆ. ವಯಸ್ಸಾದವರಿಗೆ ಒಂದು ಸ್ವೆಟರ್ ಬೇಕೇ ಬೇಕು.

ಕೇಳಿದವರು: ಎಲ್ಲರಿಗೂ ಧನ್ಯವಾದ. ಮಗಳು ನೀರಿಗಿಳಿಯಬೇಕು ಅಂತ ಹಠ ಹಿಡಿಯುತ್ತಾಳೆ. ಅಲೆ ಕಡಿಮೆ ಇರುವ ಜಾಗ ನೋಡಿ ಬಿಡಬಹುದಾ?

ಮೊದಲು ಉತ್ತರಿಸಿದವರು: ಇದನ್ನು ಕೇಳಿದ್ದು ಒಳ್ಳೆಯದಾಯಿತು. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಷ್ಟು ನೀರು ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಗೆ ಕಂಡರೆ ಅಲ್ಲಿ ಖಂಡಿತ ಇಳಿಸಬೇಡಿ. ದಂಡೆಗೆ ಬಂದ ನೀರು ವಾಪಸ್ ಹೋಗುವ ಸೆಳೆತ ಇರುವುದು ಹೆಚ್ಚಾಗಿ ಅಂಥಲ್ಲೇ. ದೊಡ್ಡವರು ಸಿಕ್ಕಿಕೊಂಡರೂ ನೇರ ದಂಡೆಯ ಕಡೆ ಈಜಿ ಸುಸ್ತಾಗಬಾರದು. ದಂಡೆಯ ಉದ್ದಕ್ಕೆ ಅಡ್ಡ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬರಬೇಕು. ಈಜಲು ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ. ಜೀವರಕ್ಷಕರು ಇರುವ ದಂಡೆಯಲ್ಲಿ, ಅವರು ತೋರಿಸಿದ ಜಾಗದಲ್ಲಿ ಮಾತ್ರ ಮಗಳನ್ನು ಇಳಿಸಿ. ನೀವೂ ಅವಳ ಕೈಗೆಟಕುವಷ್ಟು ಹತ್ತಿರ ನೀರಲ್ಲೇ ಇರಿ.