ಕೀಮೋ ಶುರುವಾದ ಮೇಲೆ ಉಗುರು ಮೇಲೆದ್ದಿದೆ, ಏನು ಮಾಡಲಿ?

ಪ್ರಶ್ನೆ

ನನಗೆ ಸ್ತನ ಕ್ಯಾನ್ಸರ್. ಮೊದಲು ಕೆಂಪು ಬಣ್ಣದ ಕೀಮೋ ಔಷಧಿ 4 ಸಲ ಆಯಿತು. ಈಗ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಇನ್ನೊಂದು ಕೀಮೋ ಔಷಧಿ, ವಾರಕ್ಕೊಂದು ಡೋಸ್, 12ರಲ್ಲಿ 9 ಮುಗಿದಿವೆ. ಕೂದಲು ಹೋಗುತ್ತೆ ಅಂತ ಎಲ್ಲರೂ ಹೇಳಿದ್ದರು, ಉಗುರಿನ ಮಾತು ಯಾರೂ ಎತ್ತಿರಲಿಲ್ಲ. ಮೊದಲು ಕಂದು ಬಣ್ಣ ಬಂತು, ಆಮೇಲೆ ಅಡ್ಡಡ್ಡ ಗೆರೆ. ಈಗ ಬಲಗೈ ಹೆಬ್ಬೆರಳಿನ ಉಗುರು ತುದಿಯಿಂದ ಅರ್ಧದವರೆಗೆ ಎದ್ದು, ಅಡಿಯಲ್ಲಿ ಬೆಳ್ಳಗೆ ಕಾಣುತ್ತದೆ. ಮೊನ್ನೆ ನೆನೆಸಿದ ಅವರೆಕಾಳು ಹಿದುಕಲು ಕೂತೆ. ನಾಲ್ಕು ಕಾಳು ಆಗುವಷ್ಟರಲ್ಲಿ ಉಗುರಿನ ಸಂದಿಗೆ ಸಿಪ್ಪೆ ಸಿಕ್ಕಿ ಜೀವ ಹೋದ ಹಾಗಾಯಿತು. ಪ್ರತಿ ವರ್ಷ ಸೇರುಗಟ್ಟಲೆ ಹಿದುಕುತ್ತಿದ್ದ ಕೈ ಇದು. ನಿಂಬೆರಸಕ್ಕೆ ಅರಿಶಿನ ಕಲಸಿ ಹಚ್ಚು ಅಂತಾರೆ ಅತ್ತೆ. ಹಚ್ಚಬಹುದಾ? ಉಗುರು ಪೂರ್ತಿ ಬಿದ್ದುಹೋಗುತ್ತಾ?

ಉತ್ತರ 1

ಅಕ್ಕ, ನಿಂಬೆರಸ ಬೇಡವೇ ಬೇಡ, ಉರಿ ತಡೆಯೋಕಾಗಲ್ಲ. ನನಗೆ 3 ವಾರಕ್ಕೊಮ್ಮೆ ನಿಮ್ಮ ಔಷಧಿಯ ಗುಂಪಿನದೇ ಆದ ಡೋಸಿಟ್ಯಾಕ್ಸೆಲ್ ಕೊಟ್ಟಿದ್ದರು. ಉಗುರಲ್ಲಿ 4 ಗೆರೆ ಇದ್ದವು, ಡೋಸ್‌ಗೆ ಒಂದರಂತೆ. ಬೇಗ ಬೆಳೆಯುವ ಜೀವಕೋಶಗಳಿಗೆಲ್ಲ ಈ ಔಷಧಿಯ ಪೆಟ್ಟು ಬೀಳುತ್ತದೆ. ಉಗುರಿನ ಬುಡವೂ ಅಂಥದ್ದೇ. ಆಗ ಬೆಳವಣಿಗೆ ತಡೆದದ್ದು ಗೆರೆಯಾಗಿ ಉಳಿಯುತ್ತದೆ. ನನಗೆ ಎರಡು ಉಗುರು ಬಿದ್ದವು. ಎಳೆಯಲಿಲ್ಲ, ಎದ್ದಷ್ಟನ್ನು ಮಾತ್ರ ಕತ್ತರಿಸುತ್ತಿದ್ದೆ. ಹತ್ತಿ ಬಟ್ಟೆ ಸಡಿಲವಾಗಿ ಸುತ್ತಿಕೊಳ್ಳಿ, ಇಲ್ಲದಿದ್ದರೆ ಟವೆಲ್ಲಿನ ನೂಲಿಗೂ ಸಿಕ್ಕಿಕೊಳ್ಳುತ್ತದೆ. ಕೈ ಉಗುರು ಮತ್ತೆ ಪೂರ್ತಿ ಬರಲು ಸುಮಾರು 6 ತಿಂಗಳು ಹಿಡಿಯಿತು. ಕಾಲಿನದಕ್ಕೆ ಒಂದು ವರ್ಷದ ಮೇಲಾಯಿತು.

ಉತ್ತರ 2

ನಾನು ಕೀಮೋ ವಾರ್ಡಿನಲ್ಲಿ ನರ್ಸ್. ಮೇಲೆದ್ದ ಉಗುರಿನ ಅಡಿ ನೀರು ನಿಂತರೆ ಸೋಂಕಾಗುತ್ತದೆ. ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿ, ಆಮೇಲೆ ಕೈ ಚೆನ್ನಾಗಿ ಒರೆಸಿಕೊಳ್ಳಿ. ಬೆರಳು ಕೆಂಪಾಗಿ ಊದಿಕೊಂಡರೆ, ಕೀವು ಕಂಡರೆ, ಇಲ್ಲಾ ಜ್ವರ 100.4 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಬಿಳಿ ರಕ್ತಕಣ ಕಡಿಮೆ ಇರುವ ಸಮಯ ಇದು. ಔಷಧಿ ಇಳಿಯುವಾಗ ಕೈಗೆ ಹಾಕುವ ತಣ್ಣನೆಯ ಗ್ಲೌಸ್ ಇರುತ್ತದೆ. ತಣ್ಣಗಾದಾಗ ರಕ್ತನಾಳ ಕುಗ್ಗಿ, ಬೆರಳ ತುದಿಗೆ ಔಷಧಿ ಕಡಿಮೆ ಹೋಗುತ್ತದೆ. ಉಳಿದ 3 ಡೋಸ್‌ಗೆ ಹಾಕಬಹುದಾ ಅಂತ ಡಾಕ್ಟರನ್ನು ಕೇಳಿ. ಬೆರಳು ಜೋಮು ಹಿಡಿಯುತ್ತಿದ್ದರೆ ಅದನ್ನೂ ಹೇಳಿ, ಸುಮ್ನೆ ಸಹಿಸಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಜೋಮು ಇದೆ ಮೇಡಂ. ರವಿಕೆಯ ಹುಕ್ ಹಾಕಲು ಆಗುತ್ತಿಲ್ಲ. ಉಗುರಿನ ನೋವಿಗೇ ಹೀಗೆ ಅಂದುಕೊಂಡು ಡಾಕ್ಟರಿಗೆ ಹೇಳಿರಲಿಲ್ಲ. ನಾಳೆ ರಕ್ತ ಪರೀಕ್ಷೆಗೆ ಹೋಗುತ್ತೇನೆ, ಎರಡನ್ನೂ ತೋರಿಸುತ್ತೇನೆ. ಅತ್ತೆಗೆ ನಿಮ್ಮ ಉತ್ತರ ಓದಿ ಹೇಳಿದೆ. ಉಳಿದ ಅವರೆಕಾಳನ್ನು ಅವರೇ ಹಿದುಕುತ್ತಿದ್ದಾರೆ.