ಕೋಬ್ರಾ ಕಿಟ್ ಕಾರಿನ ಪವರ್ ಸ್ಟೀರಿಂಗ್ ರ್‍ಯಾಕ್ ಮತ್ತೆ ಸೋರುತ್ತಿದೆ: ಸೀಲ್ ಹಾಕಿಸಲಾ, ಪವರ್ರನ್ನೇ ತೆಗೆದುಹಾಕಲಾ?

ಕೊವೆಂಟ್ರಿ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಆರು ವರ್ಷ ಗ್ಯಾರೇಜಿನಲ್ಲೇ ವಾಸ ಮಾಡಿ ಒಂದು ಕೋಬ್ರಾ ರೆಪ್ಲಿಕಾ, ಅಂದರೆ 1960ರ ದಶಕದ ಆ ಸ್ಪೋರ್ಟ್ಸ್ ಕಾರಿನ ನಕಲು, ಕಟ್ಟಿದ್ದೇನೆ. ಕಿಟ್ ಕಾರ್ ಅಂದರೇನು ಅಂತ ಗೊತ್ತಿಲ್ಲದವರಿಗೆ: ಚಾಸಿ ಮತ್ತು ಫೈಬರ್ ಬಾಡಿ ಕಂಪನಿಯಿಂದ ಬರುತ್ತದೆ. ಉಳಿದದ್ದನ್ನು ಹಳೆ ಕಾರುಗಳಿಂದ ಕಿತ್ತು ನಾವೇ ಜೋಡಿಸಿಕೊಳ್ಳಬೇಕು. ನನ್ನದರಲ್ಲಿ ಸ್ಟೀರಿಂಗ್ ರ್‍ಯಾಕ್ (ವೀಲ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ತಿರುಗಿಸುವ ಹಲ್ಲಿನ ಸಲಾಕೆ) ಫೋರ್ಡ್ ಸಿಯೆರಾ ಕಾರಿನದ್ದು. ಇಂಜಿನ್ ಷೆವರ್ಲೆ 350 ವಿ8, ವೀಲ್ ಹಗುರ ಮಾಡಲು ಎಣ್ಣೆಯನ್ನು ಒತ್ತಿ ಕೊಡುವ ಸ್ಟೀರಿಂಗ್ ಪಂಪ್ ಆ ಇಂಜಿನ್ ಜೊತೆಗೇ ಬಂದದ್ದು. ಇಲ್ಲಿ ಬ್ರಿಟನ್ನಿನಲ್ಲಿ ಇಂಥ ಕಾರುಗಳಿಗೆ ಮಾಡುವ ಐವಿಎ ಪರೀಕ್ಷೆ ಪಾಸಾಗಿ ರೋಡಿಗೂ ಇಳಿದಿದೆ.

ತೊಂದರೆ ಇದು. ಕಳೆದ ವರ್ಷ ರ್‍ಯಾಕ್ ಸೋರಲು ಶುರುವಾಯಿತು. ಬಿಚ್ಚಿ ಒಂದು ಅಂಗಡಿಯಲ್ಲಿ ರೀಕಂಡಿಷನ್ ಮಾಡಿಸಿ ಹಾಕಿದೆ. 1,100 ಮೈಲಿ ಓಡಿಸುವಷ್ಟರಲ್ಲಿ ಮತ್ತೆ ಅದೇ ಕಥೆ. ಸ್ಟೀರಿಂಗ್ ವೀಲಿನ ಕಂಬ (ಕಾಲಂ) ಬಂದು ಸೇರುವ ಪಿನಿಯನ್ (ಸಣ್ಣ ಹಲ್ಲಿನ ಚಕ್ರ) ಹತ್ತಿರ ಎಣ್ಣೆ ಜಿನುಗುತ್ತದೆ. ಅದೇ ಬದಿಯ ರಬ್ಬರ್ ಬೂಟ್ ಒತ್ತಿದರೆ ಒಳಗೆ ಗುಳುಗುಳು ಅನ್ನುತ್ತದೆ. ಎಂಒಟಿ ಅನ್ನುವ ವಾರ್ಷಿಕ ವಾಹನ ತಪಾಸಣೆಗೆ ಇನ್ನು ಐದು ವಾರ ಇದೆ. ಪವರ್ ಸ್ಟೀರಿಂಗ್ ಸೋರುತ್ತಿದ್ದರೆ ಅಲ್ಲಿ ಫೇಲ್. ಮತ್ತೆ ಸೀಲ್ (ಎಣ್ಣೆ ತಡೆಯುವ ರಬ್ಬರ್ ಉಂಗುರ) ಹಾಕಿಸಲಾ, ಪೈಪ್ ಕಿತ್ತು ಮ್ಯಾನ್ಯುವಲ್ ಮಾಡಿಕೊಳ್ಳಲಾ, ಅಥವಾ ಎಲೆಕ್ಟ್ರಿಕ್ ಹಾಕಲಾ?

ಲೆಸ್ಟರ್ ಲೋಕಿ

ಪವರ್ ಯಾಕೆ ಬೇಕು ಗುರು? 1962ರಲ್ಲಿ ಕ್ಯಾರಲ್ ಶೆಲ್ಬಿ ಎಸಿ ಏಸ್ ಕಾರಿಗೆ ಫೋರ್ಡ್ ವಿ8 ಕೂರಿಸಿದಾಗ ಪವರ್ ಸ್ಟೀರಿಂಗ್ ಇತ್ತಾ? ತೋಳಲ್ಲಿ ಬಲ ಇದ್ದವನು ಓಡಿಸುತ್ತಿದ್ದ. ರ್‍ಯಾಕಿನ ಎರಡು ಪೋರ್ಟಿಗೆ ಒಂದು ಪೈಪ್ ಸೇರಿಸಿ ಲೂಪ್ ಮಾಡು, ಪಂಪ್ ಕಿತ್ತುಹಾಕು. ಬೆಲ್ಟೂ ಚಿಕ್ಕದಾಗುತ್ತದೆ, ತೂಕವೂ ಇಳಿಯುತ್ತದೆ. ಒಂದು ಶನಿವಾರದ ಕೆಲಸ.

ಕೊವೆಂಟ್ರಿ ಕನ್ನಡಿಗ

ಲೋಕಿ, ಆ ಕಾರಿನ ಟೈರ್ ಎಷ್ಟು ಸಣ್ಣ ಇತ್ತು ನೋಡಿದ್ದೀರಾ? ನನ್ನದರಲ್ಲಿ ಮುಂದೆ 235 ಮಿಲಿಮೀಟರ್ ಅಗಲದ್ದು. ಮೇಲಿಂದ ಎರಕದ ಕಬ್ಬಿಣದ ಇಂಜಿನ್ ಮುಂದಿನ ಚಕ್ರದ ಮೇಲೇ ಕೂತಿದೆ. ಪಂಪ್ ಬೆಲ್ಟ್ ಬಿಚ್ಚಿ ಒಂದು ದಿನ ಓಡಿಸಿದೆ. ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಗಾಣದ ಎತ್ತಿನ ಪಾಡು. ಹೆಂಡತಿ ಅಂತೂ ಕೀ ವಾಪಸ್ ಕೊಟ್ಟು ಬಸ್ಸಿಗೆ ಹೋದಳು.

ಶ್ಯಾಮಲಾ, ಪೀಣ್ಯ

ನಾನು ಹೈಡ್ರಾಲಿಕ್ಸ್ ಕೆಲಸದವಳು. ಕಿಟ್ ಕಾರ್ ಮುಟ್ಟಿಲ್ಲ, ಆದರೆ ಸೀಲ್‌ಗಳ ಜೊತೆ ಇಪ್ಪತ್ತು ವರ್ಷ ಜಗಳ ಆಡಿದ್ದೇನೆ.

ಲೋಕಿ ಅವರೇ, ಲೂಪ್ ಮಾಡುವುದು ಅಷ್ಟು ಸರಳ ಅಲ್ಲ. ಪವರ್ ರ್‍ಯಾಕಿನ ಪಿನಿಯನ್ ಒಳಗೆ ಒಂದು ತೆಳು ಉಕ್ಕಿನ ಸಲಾಕೆ ಇರುತ್ತದೆ, ಟಾರ್ಷನ್ ಬಾರ್. ವೀಲ್ ತಿರುಗಿಸಿದಾಗ ಅದು ಸ್ವಲ್ಪ ತಿರುಚಿಕೊಂಡು ವಾಲ್ವ್ ತೆರೆಯುತ್ತದೆ, ಎಣ್ಣೆ ಬಂದು ರ್‍ಯಾಕನ್ನು ತಳ್ಳುತ್ತದೆ. ಎಣ್ಣೆಯನ್ನೇ ತೆಗೆದರೆ ತಿರುಚುವುದು ಮಾತ್ರ ಉಳಿಯುತ್ತದೆ, ತಳ್ಳುವವರು ಯಾರೂ ಇಲ್ಲ. ನಡುವಿನಲ್ಲಿ ಸ್ಟೀರಿಂಗ್ ರಬ್ಬರ್ ಥರ ಅನಿಸುತ್ತದೆ. ಒಳಗಿನ ಪಿಸ್ಟನ್ ಸೀಲ್ ಸುಮ್ನೆ ಉಜ್ಜಿಕೊಂಡೇ ಇರುತ್ತದೆ. ಜೊತೆಗೆ ಪವರ್ ರ್‍ಯಾಕ್ ಕಡಿಮೆ ಸುತ್ತಿನಲ್ಲಿ ತಿರುಗುವ ಹಾಗೆ ಮಾಡಿರುತ್ತಾರೆ. ಅದಕ್ಕೇ ಮ್ಯಾನ್ಯುವಲ್ ರ್‍ಯಾಕಿಗಿಂತ ಜಾಸ್ತಿ ಭಾರ.

ಅದಕ್ಕಿಂತ ಮುಖ್ಯ ಪ್ರಶ್ನೆ ಒಂದಿದೆ. ಹೊಸ ಸೀಲ್ 1,100 ಮೈಲಿಗೇ ಯಾಕೆ ಹೋಯಿತು?

ಲೆಸ್ಟರ್ ಲೋಕಿ

ಆ ಟಾರ್ಷನ್ ಬಾರಿಗೆ ಒಂದು ವೆಲ್ಡಿಂಗ್ ಚುಕ್ಕೆ ಹಾಕಿದರೆ ಮುಗಿಯಿತು ಮೇಡಂ. ಮಜ್ದಾ ಎಂಎಕ್ಸ್-5 ಕಾರು ಓಡಿಸುವವರು ಎಷ್ಟೋ ಜನ ಮಾಡಿಸಿದ್ದಾರೆ.

ಜೆ.ಸಿ. ರೋಡ್ ಬಾಬಣ್ಣ

ಸ್ಟೀರಿಂಗಿನ ಒಳಗಿನ ಪಾರ್ಟಿಗೆ ವೆಲ್ಡಿಂಗ್? ಬೇಡ ತಮ್ಮಾ. ಯಾವ ಉಕ್ಕು, ಎಷ್ಟು ಹದ ಮಾಡಿದ್ದಾರೆ ಅಂತ ನೋಡದೆ ಅದರ ಮೇಲೆ ಬೆಂಕಿ ಇಡಬಾರದು. ಬ್ರೇಕು, ಸ್ಟೀರಿಂಗು ಎರಡರಲ್ಲಿ ನಾನು ಜುಗಾಡ್ ಮಾಡುವುದಿಲ್ಲ. ಬೇರೆ ಎಲ್ಲದರಲ್ಲೂ ಮಾಡುತ್ತೇನೆ, ಒಪ್ಪುತ್ತೇನೆ.

ಡೀಸೆಲ್ ಟ್ಯಾಕ್ಸಿಗಳ ರ್‍ಯಾಕ್ ನಾನು ನೂರಾರು ಬಿಚ್ಚಿದ್ದೇನೆ. ಒಮ್ಮೆ ರಿಪೇರಿ ಆದದ್ದು ಬೇಗ ಸೋರಿದರೆ ಕಾರಣ ಮೂರರಲ್ಲಿ ಒಂದು. ಮೊದಲನೇದು, ರಾಡ್ ಮೇಲೆ ತುಕ್ಕಿನ ಗುಳಿ ಇದೆ, ಹೊಸ ಸೀಲನ್ನು ಅದೇ ತರಿಯುತ್ತದೆ. ಉಗುರು ಎಳೆದು ನೋಡು, ಉಗುರು ಸಿಕ್ಕಿಕೊಂಡರೆ ರಾಡ್ ಹೋಯಿತು ಅಂತಲೇ ಲೆಕ್ಕ. ಎರಡನೇದು, ಸೀಲ್ ಹಾಕುವಾಗಲೇ ರ್‍ಯಾಕಿನ ಹಲ್ಲಿಗೆ ತಾಗಿ ಕೊಯ್ದುಹೋಗಿರುತ್ತದೆ. ನಮ್ಮ ಹುಡುಗರು ತಂಪು ಪಾನೀಯದ ಬಾಟಲಿ ಕತ್ತರಿಸಿ ಹಲ್ಲಿನ ಮೇಲೆ ಸುತ್ತುತ್ತಾರೆ, ಅದರ ಮೇಲೆ ಸೀಲ್ ಜಾರಿಸುತ್ತಾರೆ. ಮೂರನೇದು, ಅಂಗಡಿಯವನು ಸಾದಾ ಆಯಿಲ್ ಸೀಲ್ ಹಾಕಿದ್ದಾನೆ. ಸೈಜ್ ಒಂದೇ ಇರಬಹುದು, ಪ್ರೆಶರ್ ತಡೆಯುವುದಿಲ್ಲ.

ಡೆಟ್ರಾಯಿಟ್ ದೇಸಾಯಿ

ನಾಲ್ಕನೆಯದು ಇದೆ ಬಾಬಣ್ಣ. ಪಂಪ್! ಇಲ್ಲಿ ಅಮೆರಿಕದಲ್ಲಿ ಹಾಟ್ ರಾಡ್ (ಹಳೆ ಕಾರಿಗೆ ಜೋರು ಇಂಜಿನ್ ಕೂರಿಸಿದ್ದು) ಕಟ್ಟುವವರಿಗೆ ಇದು ಹಳೆ ಪಾಠ. ಫೋರ್ಡ್ ಮಸ್ಟಾಂಗ್ 2 ಕಾರಿನ ರ್‍ಯಾಕಿಗೆ ಜಿಎಂ (ಜನರಲ್ ಮೋಟಾರ್ಸ್, ಷೆವರ್ಲೆಯ ಕಂಪನಿ) ಪಂಪ್ ಜೋಡಿಸುತ್ತಾರೆ. ಆ ಪಂಪಿನ ಪ್ರೆಶರ್ 1,200 ಪಿಎಸ್‌ಐ ದಾಟುತ್ತದೆ, ಆ ರ್‍ಯಾಕಿಗೆ ಅಷ್ಟು ಬೇಡ. ಸ್ಟೀರಿಂಗ್ ಮುಟ್ಟಿದರೆ ಹಾರುತ್ತದೆ, ಸೀಲ್ ಬಾಯಿಬಿಡುತ್ತದೆ. ಅದಕ್ಕೆ ಪಂಪಿನ ವಾಲ್ವಿಗೆ ಹಾಕುವ ಶಿಮ್ (ತೆಳು ವಾಷರ್) ಕಿಟ್ ಸಿಗುತ್ತದೆ, ಪ್ರೆಶರ್ ಇಳಿಯುತ್ತದೆ. ಕೊವೆಂಟ್ರಿಯವರ ಕಾರಿನಲ್ಲೂ ಇದೇ ಜೋಡಿ ಅಲ್ವಾ? ಅಮೆರಿಕದ ಪಂಪ್, ಯೂರೋಪಿನ ರ್‍ಯಾಕ್. ಕಣ್ಣು ಮುಚ್ಚಿ ಹೇಳುತ್ತೇನೆ, ಪಂಪೇ ಕಳ್ಳ.

ಶ್ಯಾಮಲಾ, ಪೀಣ್ಯ

ಕಣ್ಣು ಬಿಟ್ಟು ನೋಡೋಣ ದೇಸಾಯಿಯವರೇ. ಪಂಪಿನ ಪೂರ್ತಿ ಪ್ರೆಶರ್ ತಿನ್ನುವುದು ಸಿಲಿಂಡರಿನ ಎರಡು ತುದಿಯ ಸೀಲ್‌ಗಳು. ಪಿನಿಯನ್ ಮೇಲಿನ ಸೀಲ್ ಮತ್ತು ಅದರ ಕೆಳಗಿನ ಸೀಲ್ ನೋಡುವುದು ಎಣ್ಣೆ ಪಂಪಿನ ಕಡೆ ವಾಪಸಾಗುವ ರಿಟರ್ನ್ ಲೈನಿನ ಪ್ರೆಶರ್ ಮಾತ್ರ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಇವರ ಕಾರಿನಲ್ಲಿ ಮೊದಲು ಜಿನುಗಿದ್ದು ಪಿನಿಯನ್ ಮೇಲಿಂದ. ಅದೇ ಬದಿಯ ಬೂಟಿನಲ್ಲಿ ತುಂಬಿದ ಎಣ್ಣೆ ಪಿನಿಯನ್ ಕೆಳಗಿನ ಸೀಲಿನಿಂದಲೂ ಬರಬಹುದು. ಮೇಲಿನದೂ ಕೆಳಗಿನದೂ ಒಟ್ಟಿಗೆ ಹೋಗಿದ್ದರೆ ನನ್ನ ಅನುಮಾನ ಶಾಖದ ಮೇಲೆ, ಇಲ್ಲವೇ ರಿಟರ್ನ್ ಲೈನಿನ ಮೇಲೆ.

ಕೊವೆಂಟ್ರಿಯವರೇ, ಎಲ್ಲ ತೊಳೆದು ಒಣಗಿಸಿ. ಯುವಿ ಡೈ (ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ) ಸಿಕ್ಕರೆ ಎಣ್ಣೆಗೆ ಹಾಕಿ, ಇಲ್ಲದಿದ್ದರೆ ಟಾಲ್ಕಂ ಪೌಡರ್ ಉದುರಿಸಿ. ಇಂಜಿನ್ ಆನ್ ಮಾಡಿ ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ. ಆದರೆ ಕೊನೆಯಲ್ಲಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ಪಂಪ್ ಬಿಸಿಯಾಗುತ್ತದೆ. ಬೂಟಿನಲ್ಲಿ ಕಂಡದ್ದನ್ನು ಪೂರ್ತಿ ನಂಬಬೇಡಿ. ಅನೇಕ ಪವರ್ ರ್‍ಯಾಕ್‌ಗಳಲ್ಲಿ ಎರಡೂ ಬೂಟುಗಳ ಮಧ್ಯೆ ಗಾಳಿ ಆಡಲು ಸಣ್ಣ ಪೈಪ್ ಇರುತ್ತದೆ. ಬಲಗಡೆ ಸೋರಿದ್ದು ಎಡಗಡೆ ಕಾಣಿಸಿಕೊಳ್ಳಬಹುದು.

ಹುಬ್ಬಳ್ಳಿ ಬುಲೆಟ್

ಸರ, ಒಂದು ಡಬ್ಬಿ ಸ್ಟಾಪ್ ಲೀಕ್ ಹಾಕಿ ನೋಡ್ರಿ. ಎಂಒಟಿ ಒಂದು ದಾಟಿದರೆ ಸಾಕಲ್ಲ.

ಜೆ.ಸಿ. ರೋಡ್ ಬಾಬಣ್ಣ

ಅದು ರಬ್ಬರನ್ನು ಉಬ್ಬಿಸುತ್ತದೆ, ಅಷ್ಟೇ. ಒಣಗಿ ಗಟ್ಟಿಯಾದ ಸೀಲ್ ಇದ್ದರೆ ಸ್ವಲ್ಪ ದಿನ ನಡೆಯಬಹುದು. ಹರಿದ ಸೀಲಿಗೆ ಏನೂ ಮಾಡುವುದಿಲ್ಲ. ಮಾರುವ ಗಾಡಿಗೆ ಹಾಕುವ ಔಷಧಿ ಅದು.

ಹುಬ್ಬಳ್ಳಿ ಬುಲೆಟ್

ನಾನು ಮಾರಿದ ಗಾಡಿಗೇ ಹಾಕಿದ್ದೆ ಬಿಡ್ರಿ.

ಇನ್ನೊಂದು ಕೇಳಬೇಕಿತ್ತು. ಇಂಥ ಕಾರು ನಮ್ಮಲ್ಲಿ ಕಟ್ಟಿ ರಿಜಿಸ್ಟರ್ ಮಾಡಿಸಬಹುದಾ?

ಲೆಸ್ಟರ್ ಲೋಕಿ

ಕಷ್ಟ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡಬಾರದು ಅಂದಿದೆ. ಇಲ್ಲಿ ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೊಂದು ಕಾರಿಗೂ ಪರೀಕ್ಷೆ ಮಾಡುವ ವ್ಯವಸ್ಥೆ 1998ರಿಂದ ಇದೆ. ಮೊದಲು ಎಸ್‌ವಿಎ ಅನ್ನುತ್ತಿದ್ದರು, 2009ರಿಂದ ಐವಿಎ. ಆ ಹುಚ್ಚಿಗೆ ಇಲ್ಲಿ ಕಾನೂನಿನ ಬಾಗಿಲು ಇದೆ, ಅಷ್ಟೇ ವ್ಯತ್ಯಾಸ.

ವಿಷಯಕ್ಕೆ ಬರುತ್ತೇನೆ. ಸರಿ, ಲೂಪ್ ಬೇಡ. ಹಾಗಾದರೆ ವಾಕ್ಸ್‌ಹಾಲ್ ಕೋರ್ಸಾ ಸಿ ಕಾರಿನ ಎಲೆಕ್ಟ್ರಿಕ್ ಕಾಲಂ ಹಾಕಿ. ಗುಜರಿಯಲ್ಲಿ ಕಡಿಮೆಗೆ ಸಿಗುತ್ತದೆ. ಮೂಲ ಕಾರಿನ ಸಿಗ್ನಲ್ ಇಲ್ಲದಿದ್ದರೂ ಅದು ಒಂದೇ ಮಟ್ಟದ ಸಹಾಯ ಕೊಡುತ್ತದೆ. ಸಣ್ಣ ಕಂಟ್ರೋಲ್ ಬಾಕ್ಸ್ ಹಾಕಿದರೆ ರೇಡಿಯೋ ವಾಲ್ಯೂಮ್ ಥರ ಗುಬುಟು ತಿರುಗಿಸಿ ಭಾರ ಹೊಂದಿಸಿಕೊಳ್ಳಬಹುದು. ಎಣ್ಣೆಯೇ ಇಲ್ಲ ಅಂದಮೇಲೆ ಸೋರುವುದೇನು?

ಶ್ಯಾಮಲಾ, ಪೀಣ್ಯ

ಇದು ಒಳ್ಳೆ ದಾರಿಯೇ. ಆದರೆ ಅದರ ಜೊತೆ ಮ್ಯಾನ್ಯುವಲ್ ರ್‍ಯಾಕ್ ಹಾಕಬೇಕು. ಪವರ್ ರ್‍ಯಾಕನ್ನೇ ಬಿಟ್ಟರೆ ಆ ರಬ್ಬರ್ ಥರದ ತಿರುವು ಹಾಗೇ ಉಳಿಯುತ್ತದೆ. ಪಾರ್ಕಿಂಗಿನಲ್ಲಿ ಮೋಟಾರ್ ಹತ್ತಾರು ಆಂಪ್ ಎಳೆಯುತ್ತದೆ, ದಪ್ಪ ವೈರು, ಸರಿಯಾದ ಫ್ಯೂಸ್ ಬೇಕು. ಕಾಲಂ ಕತ್ತರಿಸಿ ಜೋಡಿಸುವುದನ್ನು ಯಾರು ಮಾಡುತ್ತಾರೆ ಅನ್ನುವುದೂ ಮುಖ್ಯ. ಐದು ವಾರದಲ್ಲಿ ಆಗುವ ಕೆಲಸ ಅಲ್ಲ.

ಲೆಸ್ಟರ್ ಲೋಕಿ

ಇನ್ಷೂರೆನ್ಸಿನವರಿಗೂ ತಿಳಿಸಬೇಕು, ಅದು ಮರೆತಿದ್ದೆ. ಚಳಿಗಾಲದ ಕೆಲಸ ಅಂತ ಇಟ್ಟುಕೊಳ್ಳಿ.

ಕೊವೆಂಟ್ರಿ ಕನ್ನಡಿಗ

ನಿನ್ನೆ ಪೌಡರ್ ಹಾಕಿ ನೋಡಿದೆ. ಮಗಳ ಡಬ್ಬಿ ಅರ್ಧ ಖಾಲಿ, ಅದಕ್ಕೂ ಬೈಸಿಕೊಂಡೆ. ಎಣ್ಣೆ ಬರುವುದು ಪಿನಿಯನ್ ಮೇಲಿನ ಸೀಲಿನಿಂದಲೇ. ಬೂಟ್ ಬಿಚ್ಚಿ ಒರೆಸಿ ನೋಡಿದೆ, ಗ್ರೀಸ್ ಎಲ್ಲ ಕೆಂಪು ನೀರಾಗಿದೆ. ರಾಡಿಗೆ ಉಗುರು ಎಳೆದೆ ಬಾಬಣ್ಣ, ನುಣುಪಾಗಿದೆ. ಎಕ್ಸಾಸ್ಟ್ ಪೈಪ್ ಪಿನಿಯನ್ನಿನಿಂದ 40 ಮಿಲಿಮೀಟರ್ ದೂರ ಇದೆ. ಮಧ್ಯೆ ಶೀಲ್ಡ್ ಇಲ್ಲ.

ಜೆ.ಸಿ. ರೋಡ್ ಬಾಬಣ್ಣ

40 ಮಿಲಿಮೀಟರಾ! ಮೊದಲು ಅಲ್ಲಿ ಒಂದು ತಗಡು ಕೂರಿಸು. ಸೀಲ್ ಬೇಯುವುದು ಆಮೇಲಿನ ಮಾತು. ಕೆಂಪಗೆ ಕಾದ ಪೈಪಿನ ಮೇಲೆ ಎಟಿಎಫ್ (ಸ್ಟೀರಿಂಗಿನ ಆ ಕೆಂಪು ಎಣ್ಣೆ) ಬಿದ್ದರೆ ಬೆಂಕಿ ಹತ್ತುತ್ತದೆ. ನಿನ್ನದು ಫೈಬರ್ ಬಾಡಿ, ಮರೆಯಬೇಡ.

ಶ್ಯಾಮಲಾ, ಪೀಣ್ಯ

ರಿಟರ್ನ್ ಲೈನಿಗೆ ಒಂದು ಸಣ್ಣ ಗೇಜ್ ಹಾಕಿ. ಪ್ರೆಶರ್ ಲೈನಿಗೆ ಅಲ್ಲ, ರಿಟರ್ನಿಗೆ. ಪ್ರೆಶರ್ ಲೈನಿಗೆ ಹಾಕುವುದಾದರೆ 200 ಬಾರ್ ತಡೆಯುವ ಗೇಜು, ಹೋಸು ಬೇಕು. ಅಂಗಡಿಯವರ ಹತ್ತಿರವೇ ಮಾಡಿಸಿ. ಆಮೇಲೆ ರಿಟರ್ನ್ ಪೈಪ್ ಯಾವುದು ಅಂತ ಹೇಳಿ.

ಕೊವೆಂಟ್ರಿ ಕನ್ನಡಿಗ

ರಿಟರ್ನಿಗೆ ಒಳ್ಳೆ ಕಂಪನಿಯ ಹೀಟರ್ ಹೋಸ್ ಹಾಕಿದ್ದೇನೆ ಮೇಡಂ. ಹೊಸದು. ಕೂಲಂಟಿಗೆ (ಇಂಜಿನ್ ತಂಪಾಗಿಸುವ ನೀರಿಗೆ) ತಂದದ್ದರಲ್ಲಿ ಒಂದು ಮೀಟರ್ ಉಳಿದಿತ್ತು. ಲೋ ಪ್ರೆಶರ್ ಅಲ್ವಾ ಅಂತ ಅದನ್ನೇ ಹಾಕಿದೆ.

ಶ್ಯಾಮಲಾ, ಪೀಣ್ಯ

ಸಿಕ್ಕಿಬಿತ್ತು ಅನಿಸುತ್ತದೆ.

ಕೂಲಂಟ್ ಹೋಸ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ನೀರು, ಬಿಸಿ, ಬಿಸಿಲು ಎಲ್ಲ ತಡೆಯುತ್ತದೆ. ಪೆಟ್ರೋಲಿಯಂ ಎಣ್ಣೆ ಮಾತ್ರ ಅದಕ್ಕೆ ಆಗುವುದಿಲ್ಲ. ಎಟಿಎಫ್ ಕುಡಿದು ಉಬ್ಬುತ್ತದೆ. ಹೊರಗೆ ಗೊತ್ತಾಗುವ ಮೊದಲೇ ಒಳಗಿನ ರಂಧ್ರ ಸಣ್ಣದಾಗುತ್ತದೆ. ರಿಟರ್ನ್ ಕಟ್ಟಿಕೊಂಡರೆ ಪ್ರೆಶರ್ ಹಿಂದಕ್ಕೆ ನಿಲ್ಲುತ್ತದೆ. ಅದನ್ನು ತಿನ್ನುವುದು ಯಾವ ಸೀಲ್? ಪಿನಿಯನ್ ಮೇಲಿನದು, ಕೆಳಗಿನದು.

ಡೆಟ್ರಾಯಿಟ್ ದೇಸಾಯಿ

ಒಪ್ಪುತ್ತೇನೆ, ಚಂದ ಹಿಡಿದಿರಿ. ಆದರೂ ಪಂಪ್ ನೋಡದೆ ಬಿಡಬೇಡಿ. ಜಾಸ್ತಿ ಎಣ್ಣೆ ತಳ್ಳುವ ಪಂಪ್ ಇದ್ದರೆ ಕಿರಿದಾದ ಪೈಪಿನಲ್ಲಿ ಹಿಂದಿನ ಒತ್ತಡ ಇನ್ನೂ ಏರುತ್ತದೆ.

ಶ್ಯಾಮಲಾ, ಪೀಣ್ಯ

ಅದು ನಿಜ.

ಕೊವೆಂಟ್ರಿ ಕನ್ನಡಿಗ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

ಹಳೆ ಹೋಸ್ ಇದ್ದಾಗ ಇಂಜಿನ್ ಸ್ವಲ್ಪ ಏರಿಸಿದರೆ ರಿಟರ್ನ್ ಗೇಜ್ 4 ಬಾರ್ ಹತ್ತಿರ ತೋರಿಸಿತು. ಬಿಚ್ಚಿ ಉದ್ದಕ್ಕೆ ಸೀಳಿದೆ. ಒಳಗಿನ ಪದರ ನೆನೆಸಿದ ಅವಲಕ್ಕಿ ಥರ ಮೆತ್ತಗಾಗಿದೆ. ಬಾಗಿದ ಜಾಗದಲ್ಲಿ ಪೆನ್ಸಿಲ್ ಕೂಡ ಸಲೀಸಾಗಿ ಹೋಗಲಿಲ್ಲ. ಪವರ್ ಸ್ಟೀರಿಂಗಿಗೇ ಅಂತ ಮಾಡಿದ ರಿಟರ್ನ್ ಹೋಸ್ ಹಾಕಿದೆ. ಈಗ ಅರ್ಧ ಬಾರ್ ಕೂಡ ದಾಟುವುದಿಲ್ಲ.

ರ್‍ಯಾಕ್ ಬಿಚ್ಚಿ ಅದೇ ಅಂಗಡಿಗೆ ಕೊಟ್ಟೆ. ಕಳೆದ ಬಾರಿ ಅವರಿಗೆ ಬಾಯಿಗೆ ಬಂದದ್ದು ಅಂದಿದ್ದೆ. ಈ ಸಲ ತಪ್ಪು ನನ್ನದು ಅಂತ ಹೇಳಿ ದುಡ್ಡು ಕೊಟ್ಟೇ ಮಾಡಿಸಿದೆ. ಪಿನಿಯನ್ನಿನ ಎರಡೂ ಸೀಲ್ ಬಾಯಿ ಹೊರಗೆ ಮಡಚಿತ್ತಂತೆ. ತುದಿಯ ಸೀಲ್‌ಗಳು ಚೆನ್ನಾಗಿಯೇ ಇದ್ದವು, ಆದರೂ ಬದಲಿಸಿದರು. ಟೈ ರಾಡ್ (ಚಕ್ರಕ್ಕೆ ಸೇರುವ ಸಲಾಕೆ) ಬಿಚ್ಚುವಾಗ ತಿರುಪಿನ ಎಳೆ ಎಣಿಸಿ ಬರೆದಿಟ್ಟಿದ್ದೆ, ಹಾಗಿದ್ದರೂ ಅಲೈನ್‌ಮೆಂಟ್ ಮಾಡಿಸಬೇಕಾಯಿತು. ಗಾಳಿ ತೆಗೆಯಲು ಮುಂದಿನ ಚಕ್ರ ಎತ್ತಿ, ಇಂಜಿನ್ ಆಫ್ ಇಟ್ಟು, ಇಪ್ಪತ್ತು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿದೆ. ಆಮೇಲೆ ಸ್ಟಾರ್ಟ್ ಮಾಡಿದಾಗ ನೊರೆ ಬರಲಿಲ್ಲ. ಎಕ್ಸಾಸ್ಟಿಗೆ ತಗಡಿನ ಶೀಲ್ಡ್ ಕೂರಿಸಿದ್ದೇನೆ. 300 ಮೈಲಿ ಆಯಿತು, ಪಿನಿಯನ್ ಒಣಗಿದೆ. ಎಂಒಟಿ ಮೊನ್ನೆ ಆಯಿತು, ಪಾಸು.

ದೇಸಾಯಿಯವರೇ, ನಿಮ್ಮ ಮಾತೂ ತೆಗೆದುಹಾಕಿಲ್ಲ. ಅಂಗಡಿಯವರು ಪಂಪ್ ಪರೀಕ್ಷಿಸಿದರು. ಪೂರ್ತಿ ತಿರುಗಿಸಿದಾಗ 1,150 ಪಿಎಸ್‌ಐ ಬಂತು.

ಡೆಟ್ರಾಯಿಟ್ ದೇಸಾಯಿ

ಜಾಸ್ತಿಯೇ. ಶಿಮ್ ಹಾಕಿಸಿ. ಮುಂದಿನ ವರ್ಷ ತುದಿಯ ಸೀಲ್ ಸೋರಿದಾಗ ಇದೇ ಚರ್ಚೆಗೆ ಬರುತ್ತೀರಿ, ನಾನಿಲ್ಲೇ ಇರುತ್ತೇನೆ.

ಲೆಸ್ಟರ್ ಲೋಕಿ

ಮ್ಯಾನ್ಯುವಲ್ ರ್‍ಯಾಕ್ ಹಾಕಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ ಅಂತ ದಾಖಲೆಗೆ ಹೇಳಿಡುತ್ತೇನೆ.

ಜೆ.ಸಿ. ರೋಡ್ ಬಾಬಣ್ಣ

ತಮ್ಮಾ, ಆ ಸೀಳಿದ ಹೋಸಿನ ಫೋಟೋ ದೊಡ್ಡದಾಗಿ ಕಳಿಸು. ನಮ್ಮ ಅಂಗಡಿಯಲ್ಲಿ ರೇಡಿಯೇಟರ್ ಪೈಪಿನ ತುಂಡು ಇದ್ದರೆ ಎಲ್ಲದಕ್ಕೂ ಹಾಕುವ ಹುಡುಗ ಒಬ್ಬ ಇದ್ದಾನೆ. ಪ್ರಿಂಟ್ ಹಾಕಿಸಿ ಅವನ ಬೆಂಚಿನ ಮೇಲೆ ಅಂಟಿಸುತ್ತೇನೆ.